ಪುಂಡಿಪಲ್ಯದ ಜಗಳ, ಅತ್ತಿಯ ರಾಜಿ

ಗೆಳತ್ಯಾರೆ, ಇವತ್ತ ಮುಂಜಾನಿ ನಾ ಮಾಡಿದ ಪುಂಡಿಸೊಪ್ಪಿನ ಪಲ್ಯದ ಜೋಡಿ ರೊಟ್ಟಿ ತಿನ್ಕೋತ ನನ್ನ ಗಂಡ, "ಪುಂಡಿಪಲ್ಯ ನಮ್ಮಕ್ಕನ ಕೈಯಾಗ ಛಲೋ ಆಗ್ತದ" ಅಂದ್ರು. ನಾ ಮಾತು ಬಿಟ್ಟೆ. ಅವರೂ ಬಿಟ್ರು.

ಅವರು ಸುರಪುರದ ಆಫೀಸಿಗೆ ಹೊಂಟಾಗ ನಮ್ಮ ಅತ್ತಿಯವರಿಗೆ ಹೇಳಿದೆ: "ನಿಮ್ಮ ಮಗಗ ಹೇಳ್ರಿ, ನಾಳಿಯಿಂದ ಬುತ್ತಿ ಅಕ್ಕನ ಮನಿಯಿಂದನೇ ತರಿಸ್ಕೋ ಅಂತ."

ಅತ್ತಿ ಬಾಗಿಲ ತನಕ ಹೋಗಿ ಬಂದು, "ತಪ್ಪಾತು ಅಂದಾನವ್ವ" ಅಂದ್ರು. ನನ್ನ ಸಿಟ್ಟು ಇಳೀತು.

ಮಧ್ಯಾಹ್ನ ಗಂಡ ಫೋನ್ ಮಾಡಿ, "ನೀ ತಪ್ಪಾತು ಅಂತ ಅವ್ವನ ಕೈಲೆ ಹೇಳಿ ಕಳಿಸಿದ್ದಿಯಲ್ಲ, ಹೋಗ್ಲಿ ಬಿಡು, ಮಾಫ್ ಮಾಡೀನಿ" ಅಂದ್ರು.

ನಾ ಅತ್ತಿ ಮಾರಿ ನೋಡಿದೆ. ಅಡಕಿ ಕತ್ತರಿಸ್ಕೋತ ಅಂದ್ರು: "ನೀವಿಬ್ಬರೂ ತಪ್ಪಾತು ಅನ್ನೂತನ ಕಾಯ್ಕೋತ ಕುಂತ್ರ, ನನಗ ನೆಮ್ಮದೀಲೆ ಊಟ ಯಾರು ಹಾಕ್ತಾರವ್ವ?"

ಒಟ್ಟಿನ ಮ್ಯಾಲ ಇವತ್ತ ನಮ್ಮ ಮನ್ಯಾಗ ಎರಡು ಸಲ ತಪ್ಪಾತು ಅಂದವರು, ಏನೂ ತಪ್ಪು ಮಾಡದ ಅತ್ತಿ ಒಬ್ಬರೇ.