ಬೋರಪ್ಪನ ಅವ್ವನ ಹಿಂದೆ ನಿಂತವರು

ನಮ್ಮ ಯಜಮಾನರ ಹೆಸರು ಮೋಹನ್‌ಕುಮಾರ್. ಹುಟ್ಟಿದ್ದು ದಂಡಿಗನಹಳ್ಳಿ. ಎಸ್ಸೆಸ್ಸೆಲ್ಸಿ ಮುಗಿಸಿ ಚನ್ನರಾಯಪಟ್ಟಣದಲ್ಲಿ ಟೈಪಿಂಗ್ ಕಲಿತರು. ಹೊಳೆನರಸೀಪುರದ ತಾಲ್ಲೂಕು ಕಚೇರಿ ಎದುರು ಹನ್ನೆರಡು ವರ್ಷ ಟೈಪ್‌ರೈಟರ್ ಇಟ್ಟುಕೊಂಡು ಕೂತರು. 2002ರಲ್ಲಿ ಹಾಸನದಿಂದ ಯಾರೋ ಬಳಸಿ ಬಿಟ್ಟ ಕಂಪ್ಯೂಟರ್ ತಂದು, ಮನೆಯ ಮುಂದಿನ ಕೋಣೆಯನ್ನೇ ಅಂಗಡಿ ಮಾಡಿದರು.

ಅರ್ಜಿ, ಕರಾರು ಪತ್ರ, ಮದುವೆ ಕಾಗದ ಎಲ್ಲ ಮಾಡುತ್ತಿದ್ದರು. ಹೆಚ್ಚು ಬರುತ್ತಿದ್ದದ್ದು ತಿಥಿ ಕಾಗದ. ಸತ್ತವರ ಫೋಟೋ ಮೇಲೆ, ಹೆಸರು ಅದರ ಕೆಳಗೆ, ಹನ್ನೊಂದನೇ ದಿನದ ಕಾರ್ಯ ಎಲ್ಲಿ ಎಷ್ಟು ಹೊತ್ತಿಗೆ ಎಂಬುದು ಕೊನೆಗೆ. ಹೆಸರನ್ನು ಮೂರು ಸಲ ಕೇಳುತ್ತಿದ್ದರು. “ಇವ್ರಿಗೆ ಇನ್ನೊಂದ್ಸಲ ಕಾಗ್ದ ಮಾಡಕ್ಕಾಯ್ತದಾ? ಸರ್ಯಾಗ್ ಏಳಿ” ಅನ್ನುತ್ತಿದ್ದರು. ತಿಥಿ ಕಾಗದಕ್ಕೆ ಬಂದವರಿಗೆ ‘ಹೋಗಿ ಬನ್ನಿ’ ಅನ್ನುತ್ತಿರಲಿಲ್ಲ. ಆ ಕೆಲಸಕ್ಕೆ ಯಾರೂ ಮತ್ತೆ ಬರಬಾರದು. ಸುಮ್ಮನೆ ಎದ್ದು ನಿಲ್ಲುತ್ತಿದ್ದರು.

ತಿಥಿ ಕಾಗದವನ್ನು ನಮ್ಮ ಕಡೆ ಮನೆಯೊಳಗೆ ಇಟ್ಟುಕೊಳ್ಳುವುದಿಲ್ಲ. ಓದಿ, ಹೊಸಿಲು ದಾಟಿ, ಹರಿದು ಎಸೆಯುತ್ತೇವೆ. ಮಡಚುವುದು, ಕೆಟ್ಟ ಹಾಳೆಯನ್ನು ಅಂದಂದೇ ಹರಿದು ಆಚೆ ಹಾಕುವುದು ನನ್ನ ಕೆಲಸವಾಗಿತ್ತು. ನಾನು ಓದಿದ್ದು ಐದನೇ ಕ್ಲಾಸು.

ಅವರಿಗೆ ಕಿಡ್ನಿ ಹೋಯಿತು. ವಾರಕ್ಕೆ ಎರಡು ಸಲ ಹಾಸನದ ಬಸ್ಸು. ಇನ್ನು ಬಹಳ ದಿನ ಇಲ್ಲ ಎಂದು ಅವರಿಗೇ ಗೊತ್ತಾದಾಗ ನನ್ನನ್ನು ಕಂಪ್ಯೂಟರ್ ಮುಂದೆ ಕೂರಿಸಿದರು. ಸ್ವಿಚ್ ಹಾಕಿದ ಕೂಡಲೇ ತಿಥಿ ಕಾಗದದ ಹಾಳೆ ತಾನಾಗಿ ತೆರೆಯುವ ಹಾಗೆ ಮಾಡಿಟ್ಟರು. ನಾನು ಹುಡುಕಾಡುವಂತಾಗಬಾರದು ಅಂತ.

“ಫೋಟೋ ಬದ್ಲಾಯ್ಸು, ಹೆಸ್ರು ಬದ್ಲಾಯ್ಸು, ತಾರೀಖು ಬದ್ಲಾಯ್ಸು. ಹಳೇದ್ನ ಅಳ್ಸಿ ಹೊಸ್ದು ಆಕು. ಇನ್ನೇನೂ ಮುಟ್ಬ್ಯಾಡ.”

“ಆರ್ಸೋವಾಗ?”

“ಅದಾಗೇ ಆರೋಗಂಟ ಕಾಯಿ. ವೈರು ಕೀಳ್ಬ್ಯಾಡ. ಉಣ್ತಾ ಕುಂತೋರ್ನ ಎಬ್ಬುಸ್ದಂಗೆ ಅದು.”

2005ರ ಆಷಾಢದಲ್ಲಿ ಹೋದರು. ನಾನು ನಾನಾಗಿ ಮಾಡಿದ ಮೊದಲ ಕಾಗದ ಅವರದೇ. ಚೌಕಳಿ ಅಂಗಿ, ಜೇಬಲ್ಲಿ ಪೆನ್ನು ಇರುವ ಫೋಟೋ. ಹೆಸರನ್ನು ನನಗೆ ನಾನೇ ಮೂರು ಸಲ ಕೇಳಿಕೊಂಡೆ.

ಆಮೇಲೆ ಅಂಗಡಿ ನಡೆಸಿದೆ. ಬೇರೆ ದಾರಿ ಇರಲಿಲ್ಲ.

ಬೆಳಿಗ್ಗೆ ಸ್ವಿಚ್ ಹಾಕಿದರೆ ಪರದೆಯ ಮೇಲೆ ಮೊದಲು ಅವರ ಹೆಸರು ಬರುತ್ತದೆ. ಇಂಗ್ಲಿಷಿನಲ್ಲಿ. ಅದೊಂದನ್ನು ಮಾತ್ರ ನಾನು ಇಂಗ್ಲಿಷಿನಲ್ಲಿ ಓದಬಲ್ಲೆ. ಮೊದಲು ಒಂದು ನಿಮಿಷ ಇದ್ದು ಹೋಗುತ್ತಿತ್ತು. ವರ್ಷ ಕಳೆಯುವ ಹೊತ್ತಿಗೆ ಐದು ನಿಮಿಷವಾಯಿತು. ಎರಡನೇ ವರ್ಷಕ್ಕೆ ಹನ್ನೆರಡು. ಸಂಜೆ ಆರಿಸಿದರೆ ಆರುತ್ತಿರಲಿಲ್ಲ. ಡಬ್ಬದೊಳಗೆ ಯಾರೋ ಪಾತ್ರೆ ಜೋಡಿಸುವ ಹಾಗೆ ಕಟಕಟ. ಕೆಂಪು ದೀಪ ಹತ್ತುವುದು, ಆರುವುದು. ನಾನು ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ಅವರಿಗೆ ಹೋಗುವ ಮನಸ್ಸಿಲ್ಲ ಅನ್ನಿಸುತ್ತಿತ್ತು. ಯಾರಿಗೂ ಹೇಳಲಿಲ್ಲ. ಎಷ್ಟು ಹೊತ್ತಾದರೆ ಅಷ್ಟು ಒಳ್ಳೆಯದು ಅಂದುಕೊಂಡಿದ್ದೆ.

ಗಿರಾಕಿಗಳು ಕಾಯಲಿಲ್ಲ. ಒಬ್ಬೊಬ್ಬರೇ ಬಸ್ ಸ್ಟ್ಯಾಂಡ್ ಕಡೆಯ ಬೇರೆ ಅಂಗಡಿಗೆ ಹೋದರು.

2007ರ ಶ್ರಾವಣದಲ್ಲಿ ಬೋರಪ್ಪ ಬಂದ. ಅವನ ತಾಯಿ ತೀರಿಕೊಂಡಿದ್ದಳು. ಹಿಂದಿನ ದಿನ ನಾನೇ ಕಾಗದ ಮಾಡಿ ಕೊಟ್ಟಿದ್ದೆ. ಕಟ್ಟನ್ನು ಮೇಜಿನ ಮೇಲೆ ಹಾಕಿದ.

“ಯಾರಕ್ಕ ಇದು? ನಮ್ಮವ್ವನ ಇಂದೆ ನಿಂತಿರೋನು?”

ನೋಡಿದೆ. ಮುದುಕಿಯ ಫೋಟೋ ಸಣ್ಣದು. ಅವಳ ಭುಜದ ಪಕ್ಕ ಇನ್ನೊಂದು ಭುಜ. ತಲೆಯ ಮೇಲೆ ಬಿಳಿ ಪೇಟದ ಅಂಚು.

“ನಮ್ಮಪ್ಪ ಅಂತೂ ಅಲ್ಲ. ನಮ್ಮಪ್ಪ ಜನ್ಮದಲ್ಲಿ ಪೇಟ ಕಟ್ದೋನಲ್ಲ. ಊರೋರು ನಗ್ತಾವ್ರೆ, ಮುದ್ಕಿ ಯಾರ್ ಜೊತೆ ಓದ್ಲು ಅಂತ.”

ನಗುವಂತೆ ಹೇಳಿದ. ಕಣ್ಣಲ್ಲಿ ನೀರಿತ್ತು. ಪೇಟ ಯಾರದೆಂದು ನನಗೆ ಗೊತ್ತಿತ್ತು. ಹಿಂದಿನ ವಾರ ತೀರಿಕೊಂಡ ಈಶ್ವರಯ್ಯನವರ ಕಾಗದಕ್ಕೆ ಅವರ ಮನೆಯವರು ತಂದಿದ್ದ ಫೋಟೋದ್ದು.

ಒಳಗಿಂದ ನಮ್ಮತ್ತೆ ಬಂದು ಕಾಗದ ನೋಡಿದರು.

“ಸತ್ತೋರ್ ಕಾಗ್ದ ಊರೆಲ್ಲ ಅರ್ದು ಬಿಸಾಕ್ತದೆ. ನೀನು ಪೆಟ್ಗೇಲಿ ಕೂಡಾಕ್ಕಂಡಿದ್ದೀಯ. ಎಲ್ಲಿಗೋದಾವು ಅವು? ಎತ್ತಿ ಒಳೆ ನೀರಿಗಾಕವ್ವ ಅದ್ನ.”

ಮೂರು ದಿನ ಯಾರೂ ಅಂಗಡಿಗೆ ಬರಲಿಲ್ಲ. ಹಾಸನದ ಹಂಸ ಅವರಿಗೆ ಫೋನ್ ಮಾಡಿಸಿದೆ. ಅಲ್ಲಿ ಹೆಣ್ಣುಮಕ್ಕಳಿಗೆ ಕಂಪ್ಯೂಟರ್ ಹೇಳಿಕೊಡುವವರು. ನಮ್ಮ ಯಜಮಾನರು ಇದ್ದಾಗಲೂ ಅವರೇ ಬಂದು ರಿಪೇರಿ ಮಾಡುತ್ತಿದ್ದರು. ಭಾನುವಾರ ಬೆಳಿಗ್ಗೆ ಬಂದರು. ಡಬ್ಬ ಬಿಚ್ಚಿ ಧೂಳು ಊದಿದರು. ವೈರಸ್ ಹುಡುಕಿದರು, ಇರಲಿಲ್ಲ. ಬೇಡದ್ದೆಲ್ಲ ತೆಗೆದರು. ಆರಿಸಿ ಮತ್ತೆ ಹಚ್ಚಿದರು. ಹನ್ನೊಂದು ನಿಮಿಷ.

“ಅಕ್ಕ, ಎಲ್ಲಾ ಅಳಿಸಿ ಹೊಸದಾಗಿ ಹಾಕಿಬಿಡ್ಲಾ? ನಿಮ್ಮ ಹೆಸರಲ್ಲೇ ಬರೋ ಹಾಗೆ ಮಾಡ್ತೀನಿ.”

“ಅವ್ರ ಹೆಸ್ರು?”

“ಹೋಗತ್ತೆ.”

“ಬ್ಯಾಡ ಕಣಮ್ಮ. ಅದ್ ಬಿಟ್ಟು ಇನ್ನೇನಾರ ಮಾಡು.”

ಅವರು ನನ್ನ ಮುಖ ನೋಡಿದರು. ತಾನಾಗಿ ತೆರೆದುಕೊಂಡಿದ್ದ ತಿಥಿ ಕಾಗದದ ಹಾಳೆ ನೋಡಿ, “ಒಂದು ಹಾಳೆ ಇಷ್ಟು ಭಾರ ಯಾಕಿದೆ?” ಅಂದರು. ಬೋರಪ್ಪನ ತಾಯಿಯ ಫೋಟೋ ಹಿಡಿದು ಪಕ್ಕಕ್ಕೆ ಎಳೆದರು.

ಕೆಳಗೆ ಈಶ್ವರಯ್ಯ ಇದ್ದರು. ಅವರನ್ನು ಎಳೆದರು. ಕೆಳಗೆ ದೊಡ್ಡ ಕುಂಕುಮದ ಒಬ್ಬ ಹೆಂಗಸು. ಅವಳ ಕೆಳಗೆ ಶಾಲೆ ಅಂಗಿಯ ಒಂದು ಮಗು. ಅದರ ಕೆಳಗೆ ಮಾರಮ್ಮ ಅನ್ನುವ ಒಬ್ಬ ಮುದುಕಿ. ಅದರ ಕೆಳಗೆ ಇನ್ನೊಬ್ಬರು. ಹಂಸ ಅವರ ಕೈ ನಿಂತಿತು.

“ಅಕ್ಕ, ನೀವು ಹಳೇ ಫೋಟೋ ಅಳಿಸ್ತಾನೇ ಇಲ್ಲ. ಒಂದರ ಮೇಲೊಂದು ಇಡ್ತಾ ಬಂದಿದೀರ. ಪಾಪ, ಬೆಳಿಗ್ಗೆ ಇಷ್ಟು ಜನರನ್ನ ಹೊತ್ಕೊಂಡು ಏಳ್ಬೇಕು, ಸಂಜೆ ಇಷ್ಟು ಜನರನ್ನ ಎತ್ತಿಟ್ಟು ಮಲಗ್ಬೇಕು. ಅಳಿಸೋ ಕೀ ಯಾವುದು ಅಂತ ಅಣ್ಣ ಹೇಳಿಕೊಟ್ಟಿರಲಿಲ್ವಾ?”

ಹೇಳಿಕೊಟ್ಟಿದ್ದರು. ಆ ಕೀ ನನಗೆ ಗೊತ್ತಿತ್ತು.

ನಮ್ಮ ಯಜಮಾನರ ಕಾಗದ ಆದ ಮೇಲೆ ಎರಡನೆಯದು ಒಬ್ಬ ಅಜ್ಜಿಯದು ಬಂತು. ಹಳೆಯದನ್ನು ಅಳಿಸಬೇಕಿತ್ತು. ಬೆರಳು ಆ ಕೀ ಮೇಲೆ ಇಟ್ಟೆ. ಒತ್ತಲಿಲ್ಲ. ಅಜ್ಜಿಯ ಫೋಟೋ ತಂದು ಅವರ ಮುಖದ ಮೇಲೆ ಮುಚ್ಚಿದೆ. ಮುಚ್ಚಿದರೆ ಹೋದ ಹಾಗಲ್ಲ ಅನ್ನುವುದೇ ನನಗೆ ಬೇಕಿತ್ತು. ಆಮೇಲೆ ಕೈಗೆ ಅದೇ ಅಭ್ಯಾಸವಾಯಿತು.

ಇದನ್ನು ಹಂಸ ಅವರಿಗೆ ಹೇಳಿದೆ. ಅವರು ಕುರ್ಚಿ ಬಿಟ್ಟು ಎದ್ದು, “ಕೂತ್ಕೊಳ್ಳಿ ಅಕ್ಕ” ಅಂದರು.

ನಲವತ್ತೇಳು ಜನ. ಒಬ್ಬೊಬ್ಬರ ಹೆಸರು ಹೇಳಿ ಒತ್ತಿದೆ. ಎಲ್ಲ ಹೆಸರೂ ನೆನಪಿತ್ತು. ಮಗುವಿನ ಹತ್ತಿರ ಸ್ವಲ್ಪ ತಡವಾಯಿತು. ಕೊನೆಗೆ ಚೌಕಳಿ ಅಂಗಿ ಬಂತು.

“ಒಂದು ಇದ್ರೆ ಏನೂ ಭಾರ ಆಗಲ್ಲ ಅಕ್ಕ. ಬಿಡಿ” ಅಂದರು ಹಂಸ.

ಬಿಟ್ಟರೆ ಇನ್ನು ಮೇಲೆ ಸಾಯುವವರೆಲ್ಲರ ಹಿಂದೆಯೂ ಇವರು ನಿಲ್ಲಬೇಕು. ಬೋರಪ್ಪನಂಥವರು ಬಂದು ಇವರ ಅಂಗಿ ತೋರಿಸಿ ಯಾರಕ್ಕ ಇದು ಅಂತ ಕೇಳಬೇಕು. ಜೀವವಿದ್ದಾಗ ಒಂದು ಅಕ್ಷರ ತಪ್ಪಾಗಲು ಬಿಡದವರು.

ಅವರ ಹೆಸರು, ತಾರೀಖು ಮತ್ತೆ ಹಾಕಿ ಒಂದು ಪ್ರತಿ ತೆಗೆದೆ. ಅವರು ಹೋದಾಗ ಊರಿನವರೆಲ್ಲ ಆ ಕಾಗದ ಹರಿದಿದ್ದರು. ನಾನು ಹರಿದಿರಲಿಲ್ಲ. ಮೊದಲಿಂದ ಕೊನೆಯವರೆಗೆ ಓದಿದೆ. ಹೊಸಿಲು ದಾಟಿ ಚರಂಡಿ ಪಕ್ಕ ನಿಂತು ನಾಲ್ಕು ತುಂಡು ಮಾಡಿದೆ. ಒಳಗೆ ಬಂದು ಕೀ ಒತ್ತಿದೆ.

ನಮ್ಮತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಕಾಲು ತೊಳೆಯಲು ಒಂದು ಚೊಂಬು ನೀರು ತಂದಿಟ್ಟು ಒಳಗೆ ಹೋದರು.

ಬೋರಪ್ಪನನ್ನು ಕರೆಸಿ ಅವತ್ತೇ ಬೇರೆ ಕಾಗದ ಮಾಡಿಕೊಟ್ಟೆ. ಅವನ ತಾಯಿ ಒಬ್ಬಳೇ ಇದ್ದಳು. ಅವನು ಎದ್ದಾಗ ನಾನೂ ಎದ್ದು ನಿಂತೆ.

ಸಂಜೆ ಆರಿಸಿದೆ. ಅರ್ಧ ನಿಮಿಷಕ್ಕೆ ಆರಿತು. ಕುರ್ಚಿಯಲ್ಲಿ ಕೂತೇ ಇದ್ದೆ, ಒಳಗಿಂದ ಊಟಕ್ಕೆ ಕರೆಯುವವರೆಗೂ.

ನಮ್ಮ ಯಜಮಾನರ ಹೆಸರನ್ನು ಹಂಸ ತೆಗೆಯಲಿಲ್ಲ. ಈಗಲೂ ಬೆಳಿಗ್ಗೆ ಮೊದಲು ಅದೇ ಬರುತ್ತದೆ. ಆದರೆ ನಾನು ಓದಿ ಮುಗಿಸುವುದರೊಳಗೆ ಹೋಗಿರುತ್ತದೆ.