ಅರ್ಜಿ ಅಕ್ಕ ಕೇಳಿದ ದಾರಿ

ನನ್ನ ಅಕ್ಕನಿಗೆ ನಡೆಯಲು ಆಗುವುದಿಲ್ಲ, ಸೈಕಲ್ ಹೊಡೆಯಲು ಆಗುತ್ತದೆ. ಹೀಗೆಂದರೆ ನಾನು ರೈಲು ಬಿಡುತ್ತಿದ್ದೇನೆ ಎಂದುಕೊಂಡು ಜನ ಮುಖ ಮುಖ ನೋಡಿಕೊಳ್ಳುತ್ತಾರೆ. ಅವಳ ಎರಡೂ ಮಂಡಿ ಸವೆದಿವೆ. ಮೈಭಾರ ಕಾಲಿನ ಮೇಲೆ ಬೀಳಬಾರದು, ಸೀಟಿನ ಮೇಲೆ ಬಿದ್ದರೆ ಅಡ್ಡಿಯಿಲ್ಲ ಎಂದು ಡಾಕ್ಟರೇ ಹೇಳಿದ್ದಾರೆ. ಹತ್ತು ಹೆಜ್ಜೆಗೊಮ್ಮೆ ಗೋಡೆ ಹಿಡಿಯುವ ಅಕ್ಕ ಪೆಡಲ್ ಮೇಲೆ ಕಾಲಿಟ್ಟಳೆಂದರೆ ಅವಳ ಹಿಂದೆ ಹೋಗುವಷ್ಟರಲ್ಲಿ ನನಗೆ ಏದುಸಿರು.

ಪೇಟೆಯ ಸಮವಸ್ತ್ರ ಕಾರ್ಖಾನೆಯಲ್ಲಿ ಅವಳದು ಕಾಜಾ ಹಾಕುವ ಕೆಲಸ. ದಿನಕ್ಕೆ ಇನ್ನೂರು ಅಂಗಿ, ಅಂಗಿಗೆ ಏಳು ಕಾಜಾ. ಕೂತು ಮಾಡುವ ಕೆಲಸ ಬೇರೆಲ್ಲೂ ಸಿಗದ್ದರಿಂದ ಅದನ್ನು ಬಿಡುವಂತಿಲ್ಲ. ಅಲ್ಲಿಗೆ ಹೋಗಬೇಕೆಂದರೆ ಹೆದ್ದಾರಿ ಬಿಟ್ಟು ಬೇರೆ ದಾರಿಯಿಲ್ಲ. ಅವಳ ಬದುಕೆಲ್ಲ ಈ ಎರಡು ಮಾತಿನ ನಡುವೆ ಸಿಕ್ಕಿಕೊಂಡಿದೆ.

ನಮ್ಮ ಕಾಲೊನಿ ಇರುವುದೇ ಪೆಟ್ಟಿಗೆಯಲ್ಲಿಟ್ಟ ಹಾಗೆ. ಹಿಂದೆ ಮುಚ್ಚಿಹೋದ ಕಾಗದದ ಗಿರಣಿಯ ಗೋಡೆ, ಎಡಕ್ಕೆ ಕೊಳಚೆ ಕಾಲುವೆ, ಮುಂದೆ ಹೆದ್ದಾರಿ. ಅದನ್ನು ಮೂರು ಸಲ ಅಗಲ ಮಾಡಿದರು. ಮೂರನೆಯ ಸಲ ನಮ್ಮ ಬಸ್ ಸ್ಟಾಪನ್ನೂ ಕಿತ್ತು ಮೇಲ್ಸೇತುವೆಯ ಆಚೆ ನೆಟ್ಟರು. ಗಟ್ಟಿ ಕಾಲಿನವರಿಗೇ ಅಲ್ಲಿಗೆ ಅರ್ಧ ಗಂಟೆ. ಸೈಕಲ್ಲಿಗೆಂದು ಉಳಿದದ್ದು ಬಿಳಿ ಗೆರೆಯಾಚೆ ಒಂದು ಮೊಳ ಡಾಂಬರು. ಆಮೇಲೆ ಬಾಯ್ತೆರೆದ ಚರಂಡಿ. ಲಾರಿ ಪಕ್ಕದಲ್ಲಿ ಹೋದರೆ ಸೆರಗೂ ಅದರ ಜೊತೆ ಹೊರಡುತ್ತದೆ.

ಬಲಕ್ಕೆ ಟ್ರಾಲಿ ದಿಬ್ಬ. ಹಿಂದೆ ಗಿರಣಿಗೆ ಬಿದಿರು ತರುತ್ತಿದ್ದ ಸಣ್ಣ ರೈಲಿನ ಏರಿ ಅದು. ಕಂಬಿ ಕಿತ್ತುಕೊಂಡು ಹೋದರು, ಏರಿಯನ್ನು ಹೊತ್ತುಕೊಂಡು ಹೋಗಲು ಯಾರಿಗೂ ಆಗಲಿಲ್ಲ. ಎರಡೂವರೆ ಕಿಲೋಮೀಟರು, ನೇರ ಪೇಟೆಯ ಬೆನ್ನಿಗೆ. ಮುಳ್ಳುಪೊದೆ ಸವರಿ, ಕುಸಿದ ಮೋರಿ ಕಟ್ಟಿ, ನೆಲ ಸಮ ಮಾಡಿ, ಎರಡೂ ಬದಿಗೆ ಗಿಡ ನೆಟ್ಟರೆ ಸೈಕಲ್ಲಿಗೂ ಮಕ್ಕಳಿಗೂ ಮುದುಕರಿಗೂ ನೆರಳಿನ ಹಾದಿ. ಅಕ್ಕ ಕೇಳಿದ್ದು ಇಷ್ಟೇ. ಒಂಬತ್ತು ವರ್ಷ, ಇಪ್ಪತ್ತೆರಡು ಅರ್ಜಿ. ಕಾಲೊನಿಯವರು ಅವಳಿಗೆ ‘ಅರ್ಜಿ ಅಕ್ಕ’ ಎಂದು ಹೆಸರಿಟ್ಟು ಕೈತೊಳೆದುಕೊಂಡರು.

ಪುರಸಭೆಯಲ್ಲಿ ಈಗಿರುವವರು ಅವಳು ಕಂಡ ಮೂರನೆಯ ಇಂಜಿನಿಯರ್. ಒಳ್ಳೆಯವರೇ, ಬಂದವರಿಗೆ ಕುರ್ಚಿ ಕೊಡುತ್ತಾರೆ. ಕೆಟ್ಟವರಾಗಿದ್ದರೆ ಜಗಳವಾಡಿ ಬರಬಹುದಿತ್ತು.

“ದಾರಿ ಬೇಕು ಅಂತೀರಿ, ಸರಿ. ಜನ ಸೈಕಲ್ ಹೊಡೀತಾರೆ ಅನ್ನೋದಕ್ಕೆ ದಾಖಲೆ ಏನಮ್ಮಾ?” ಎಂದರು. ಎಣಿಸಲು ಆಳನ್ನೂ ಕಳಿಸಿದರು. ಅವನು ಸೋಮವಾರ ಬೆಳಿಗ್ಗೆ ಏಳರಿಂದ ಹತ್ತರವರೆಗೆ ಕಾಲೊನಿಯ ಗೇಟಿನ ಮುಂದೆ ಪ್ಯಾಡ್ ಹಿಡಿದು ಕೂತ. ಒಟ್ಟು ಮೂರು ಸೈಕಲ್. ಒಂದು ಅಕ್ಕನದು, ಒಂದು ಹಾಲಿನವನದು, ಮೂರನೆಯದು ಎಣಿಸಲು ಬಂದವನದೇ. ‘ಬಳಕೆದಾರರು ಇಲ್ಲ’ ಎಂದು ಉತ್ತರ ಬಂತು.

“ಆ ರಸ್ತೆಗೆ ಇಳಿಯೋಕೆ ಯಾರಿಗೆ ತಲೆ ಕೆಟ್ಟಿದೆ?” ಎಂದು ನಾನು ಕೂಗಾಡಿದೆ.

ಅಕ್ಕ ಕೂಗಾಡಲಿಲ್ಲ. ಸೈಕಲ್ ಮೇಲೆಯೇ ಮನೆಮನೆಗೆ ಹೋದಳು. ಅಟ್ಟದ ಮೇಲಿದ್ದ, ಹಿತ್ತಲಲ್ಲಿ ಬಟ್ಟೆ ಒಣಗಿಸುವ ಕಂಬವಾಗಿದ್ದ ಸೈಕಲ್ಲುಗಳನ್ನೆಲ್ಲ ಹೊರಗೆ ತೆಗೆಸಿದಳು. ಭಾನುವಾರದ ಸಂಜೆಗಳಲ್ಲಿ ಗಿರಣಿಯ ಅಂಗಳದಲ್ಲಿ ಹೆಂಗಸರಿಗೆ ಪಾಠ. ಅವಳು ಕಲ್ಲಿನ ಮೇಲೆ ಕೂತು ಕೂಗುತ್ತಿದ್ದಳು, ನಾವು ಬೀಳುತ್ತಿದ್ದೆವು. ನಲವತ್ತೆರಡನೆಯ ವಯಸ್ಸಿನಲ್ಲಿ ನಾನು ಮೊಣಕೈ ಕೆತ್ತಿಸಿಕೊಂಡು ಕಲಿತೆ. ಟೈಲರ್ ಚಿಕ್ಕಮ್ಮ ಕಲಿತಳು. ಶಾಲೆಯ ಆಯಾ, ಐವತ್ತೈದಾದವಳು, ಕಲಿತ ದಿನ ಇಳಿಯಲು ಬಾರದೆ ಅಂಗಳಕ್ಕೆ ಹನ್ನೆರಡು ಸುತ್ತು ಹೊಡೆದಳು.

ಮರುವರ್ಷ ಮತ್ತೆ ಎಣಿಕೆ. ಅರವತ್ತೊಂದು ಸೈಕಲ್! ಬರೆಯುವವನ ಕೈ ಸೋತಿತು. ಅಕ್ಕ ಕಾರ್ಖಾನೆಯಲ್ಲಿ ಪಕ್ಕದ ಮೆಷಿನ್ನಿನವರಿಗೆಲ್ಲ ಸಿಹಿ ಹಂಚಿದಳು. ಒಂದು ತಿಂಗಳ ಮೇಲೆ ಪತ್ರ ಬಂತು. ನಾನೇ ಓದಿ ಹೇಳಿದೆ: ‘ಸದರಿ ರಸ್ತೆಯಲ್ಲಿ ಪ್ರಸ್ತುತ ಅರವತ್ತೊಂದು ಸೈಕಲ್ಲುಗಳು ಯಾವುದೇ ಅಡಚಣೆಯಿಲ್ಲದೆ ಸಂಚರಿಸುತ್ತಿರುವುದರಿಂದ ಪ್ರತ್ಯೇಕ ಮಾರ್ಗದ ಅವಶ್ಯಕತೆ ಕಂಡುಬರುವುದಿಲ್ಲ.’

“ಇನ್ನೊಂದ್ಸಲ ಓದು,” ಎಂದಳು. ಓದಿದೆ. ಆ ಕಾಗದವನ್ನು ಹರಿದು ಒಲೆಗೆ ಹಾಕುವಷ್ಟು ಸಿಟ್ಟು ನನಗೆ. ಅವಳು ಮಡಿಚಿ ಚೀಲದಲ್ಲಿಟ್ಟುಕೊಂಡಳು. ಮರುದಿನ ಇಬ್ಬರೂ ಪುರಸಭೆಗೆ ಹೋದೆವು.

ಇಂಜಿನಿಯರಿಗೆ ನಿಜವಾಗಿಯೂ ಬೇಜಾರಾಗಿತ್ತು. ಕಡತ ಬಿಚ್ಚಿ ತೋರಿಸಿದರು. “ನೋಡಿ, ಇಲ್ಲಿ ಅಪಘಾತದ ಕಾಲಂ ಖಾಲಿ ಇದೆ. ಇದರಲ್ಲಿ ಒಂದಾದ್ರೂ ಇದ್ದಿದ್ರೆ ನಾನೇ ಮುಂದೆ ನಿಂತು ಮೇಲಕ್ಕೆ ಕಳಿಸ್ತಿದ್ದೆ.”

“ಆಯಾ ಹೋದ ವಾರ ಚರಂಡಿಗೆ ಬಿದ್ದು ಕೈ ಮುರ್ಕೊಂಡಳಲ್ಲ ಸಾರ್?” ಎಂದಳು ಅಕ್ಕ.

ಅವರು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದರು. “ಕೈ ಮುರಿದದ್ದು ಇದರಲ್ಲಿ ಬರಲ್ಲಮ್ಮಾ,” ಎಂದರು ಕೊನೆಗೆ.

ಆ ಕಾಲಂ ತುಂಬಲು ಹೆಣವೇ ಬೀಳಬೇಕೆಂದು ಇಬ್ಬರಿಗೂ ಗೊತ್ತಾಯಿತು. ಆ ಭಾನುವಾರ ಅಕ್ಕ ಮತ್ತೆ ಮನೆಮನೆ ಸುತ್ತಿದಳು, ಈ ಸಲ ಸೈಕಲ್ ಹೊಡೆಯುವುದನ್ನು ಬಿಡಿ ಎಂದು ಕೇಳಿಕೊಳ್ಳಲು! ಜನ ಬಿದ್ದು ಬಿದ್ದು ನಕ್ಕರು. “ಕಲಿಸಿದ್ದೂ ನೀನೇ, ಬೇಡ ಅನ್ನೋಳೂ ನೀನೇನಾ?” ಎಂದಳು ಟೈಲರ್ ಚಿಕ್ಕಮ್ಮ. ಮೇಲ್ಸೇತುವೆಯ ಆಚೆಗೆ ನಡೆದು, ಬಸ್ಸಿಗೆ ಕಾದು, ನೇತಾಡಿಕೊಂಡು ಹೋಗುವ ಕಷ್ಟ ಅವರಿಗೆ ತಪ್ಪಿತ್ತು. ಯಾರು ಬಿಡುತ್ತಾರೆ? ಬಿಟ್ಟರೂ ಏನು ಬಂತು, ಮುಂದಿನ ಎಣಿಕೆಯಲ್ಲಿ ಮತ್ತೆ ಮೂರು. ಹೊಡೆದರೆ ದಾರಿ ಬೇಕಿಲ್ಲ, ಬಿಟ್ಟರೆ ದಾರಿ ಯಾಕೆ. ಅಕ್ಕ ಅಡಕತ್ತರಿಯಲ್ಲಿ ಸಿಕ್ಕಿಬಿದ್ದಳು.

ಕೊನೆಗೆ ನನ್ನ ಮನೆಗೆ ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತಳು.

“ನೀನಾದ್ರೂ ಬಿಡೇ.”

“ನೀನು ಬಿಡ್ತೀಯಾ?”

“ನನಗೆ ಬೇರೆ ಗತಿ ಏನಿದೆ?”

“ನನಗೂ ಏನಿದೆ?” ಎಂದೆ. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಟೋಕನ್ ಕೊಡುವವಳು ನಾನು. ಎಂಟಕ್ಕೆ ಬಾಗಿಲು ತೆರೆಯದಿದ್ದರೆ ಕೆನ್ನೆ ಊದಿಸಿಕೊಂಡವರು ನನ್ನನ್ನೇ ಅಗಿದು ಹಾಕುತ್ತಾರೆ. ಅದನ್ನು ಹೇಳಿದರೂ ಅಕ್ಕ ನಗಲಿಲ್ಲ.

ಅಂದಿನಿಂದ ಅವಳಿಗೆ ಹೊಸ ಕೆಲಸ ಶುರುವಾಯಿತು. ಸಂಜೆ ಐದೂವರೆಗೆ ಬಂದವಳು ಮನೆಯೊಳಗೆ ಹೋಗುತ್ತಿರಲಿಲ್ಲ. ಗೇಟಿನ ಕಟ್ಟೆಯ ಮೇಲೆ ಕೂತು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಒಬ್ಬೊಬ್ಬರನ್ನೇ ಎಣಿಸಿಕೊಳ್ಳುವಳು. ಎಲ್ಲರೂ ಬಂದ ಮೇಲೆ ಎದ್ದು ಗೋಡೆ ಹಿಡಿದು ಒಳಗೆ ಹೋಗುವಳು. ಅವಳ ಮುಖ ನೋಡಿದರೆ ನನಗೆ ರೇಗುತ್ತಿತ್ತು. ನಮ್ಮನ್ನೆಲ್ಲ ಆ ರಸ್ತೆಗೆ ತಳ್ಳಿದವಳು ತಾನೇ ಎಂದು ಅವಳು ಯೋಚಿಸುತ್ತಿದ್ದಾಳೆಂದು ಗೊತ್ತಿತ್ತು. ಅಲ್ಲ ಎನ್ನಲು ನನಗೆ ಬಾಯಿ ಬರುತ್ತಿರಲಿಲ್ಲ, ಯಾಕೆಂದರೆ ಅದು ಸುಳ್ಳಾಗುತ್ತಿತ್ತು.

ಹೋದ ಗುರುವಾರ ನನ್ನ ಸೈಕಲ್ಲಿನ ಚೈನ್ ತುಂಡಾಯಿತು. ಫೋನು ಕ್ಲಿನಿಕ್ಕಿನ ಮೇಜಿನ ಮೇಲೆಯೇ ಉಳಿದಿತ್ತು. ತಳ್ಳಿಕೊಂಡು ಬರುವಾಗ ಕಾಲೊನಿಗೆ ಸ್ವಲ್ಪ ಹಿಂದೆ ಟೈರ್ ಸಿಡಿದ ಲಾರಿಯೊಂದು ಅಡ್ಡ ನಿಂತು, ಜನ ಸೇರಿ, ರಸ್ತೆಯೆಲ್ಲ ಹಾರನ್ನಿನ ಗಲಾಟೆ. ದಾಟಿ ಬಂದೆ. ಅಕ್ಕ ಕಟ್ಟೆಯ ಮೇಲೆ ಇರಲಿಲ್ಲ. ಗೇಟಿನಿಂದ ನೂರು ಹೆಜ್ಜೆ ಈಚೆ, ಹೆದ್ದಾರಿಯ ಅಂಚಿನಲ್ಲಿ, ವಿದ್ಯುತ್ ಕಂಬವನ್ನು ಅಪ್ಪಿಕೊಂಡು ನಿಂತಿದ್ದಳು. ಅಷ್ಟು ದೂರ ನಡೆದು ಬಂದಿದ್ದಳು.

ನನ್ನ ಕೆನ್ನೆ, ಭುಜ, ಮೊಣಕೈ ಮುಟ್ಟಿ ಮುಟ್ಟಿ ನೋಡಿದಳು.

“ಬೈಯೋದಿದ್ರೆ ಬೈದುಬಿಡು,” ಎಂದೆ.

“ಲಾರಿ ನಿಂತಿತ್ತು. ಜನ ಓಡ್ತಿದ್ರು. ನೀನೇ ಅಂದ್ಕೊಂಡೆ.”

“ಟೈರ್ ಸಿಡಿದದ್ದು ಅಷ್ಟೇ. ನನಗೇನಾಗಿದೆ, ನೋಡು.”

“ಪೂರ್ತಿ ಕೇಳು.” ಅವಳು ನನ್ನ ತೋಳು ಬಿಗಿಯಾಗಿ ಹಿಡಿದಳು. “ನೀನೇ ಅಂದ್ಕೊಂಡೆ. ಅಂದ್ಕೊಂಡ ತಕ್ಷಣ, ಇನ್ನು ದಾರಿ ಕೊಡ್ತಾರೆ ಅನ್ನಿಸ್ತು. ಮೊದಲು ಅನ್ನಿಸಿದ್ದೇ ಅದು. ಅಳು ಆಮೇಲೆ ಬಂತು.”

ಬಂದ ನೂರು ಹೆಜ್ಜೆ ವಾಪಸು ನಡೆಯಲು ಅವಳ ಕಾಲಿನಲ್ಲಿ ಏನೂ ಉಳಿದಿರಲಿಲ್ಲ. ಚೈನಿಲ್ಲದ ಸೈಕಲ್ಲಿನ ಸೀಟಿನ ಮೇಲೆ ಅವಳನ್ನು ಕೂರಿಸಿ, ಒಂದು ಕೈ ಹ್ಯಾಂಡಲ್ಲಿಗೆ, ಒಂದು ಕೈ ಅವಳ ಬೆನ್ನಿಗೆ ಕೊಟ್ಟು, ಬಿಳಿ ಗೆರೆಯಾಚೆಯ ಆ ಒಂದು ಮೊಳದಲ್ಲಿ ತಳ್ಳಿಕೊಂಡು ಹೊರಟೆ. ಲಾರಿಗಳು ಮತ್ತೆ ಓಡತೊಡಗಿದ್ದವು. ಬೆಳಿಗ್ಗೆ ಏಳಕ್ಕೆ ಇಬ್ಬರೂ ಇದೇ ರಸ್ತೆಗೆ ಇಳಿಯಬೇಕಿತ್ತು.