ಹತ್ತನೆಯ ಕಾಳು

ಕೆ.ಆರ್. ನಗರದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಮಲ್ಲೇಶ ಹದಿನಾಲ್ಕು ವರ್ಷ ವಿಡಿಯೊ ಗೇಮ್ ಅಂಗಡಿ ನಡೆಸಿದ. ಆಟದಲ್ಲಿ ಅವನು ದಡ್ಡ. ಮೊದಲ ಸುತ್ತಿನಲ್ಲೇ ಔಟಾಗುತ್ತಿದ್ದ. ಆದರೆ ಹೊಸ ಕನ್ಸೋಲ್, ಅಂದರೆ ಆಟದ ಯಂತ್ರ, ಬರುವ ಸುದ್ದಿ ಕಿವಿಗೆ ಬಿದ್ದರೆ ಸಾಕು, ಕೂತಲ್ಲಿ ಕೂರುತ್ತಿರಲಿಲ್ಲ.

ಅವನ ಅಪ್ಪ ಕಂಠಪ್ಪ ಬಿತ್ತನೆಗೆ ಮುಂಚೆ ಹತ್ತು ಕಾಳನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು, ಎಷ್ಟು ಮೊಳೆತವೆಂದು ನೋಡಿಯೇ ಬೀಜ ಒಪ್ಪುತ್ತಿದ್ದವರು. ಮಲ್ಲೇಶ ಅದನ್ನೇ ಅಂಗಡಿಗೆ ತಂದ. ಅಂಗಡಿಗೆ ಸರಕು ಒದಗಿಸುವ ಎಚ್.ಡಿ. ಕೋಟೆಯ ಶಶಿಗೆ ಕೇರಳದ ಕಡೆಯ ನೆಂಟರು ದುಬೈಯಿಂದ ಹೊಸ ಯಂತ್ರ ತಂದುಕೊಡುತ್ತಿದ್ದರು. ಅವನಿಂದ ಒಂದನ್ನು ಎರವಲು ತಂದು, ಆಟದ ಗಂಧವೇ ಇಲ್ಲದ ಹತ್ತು ಜನರ ಕೈಗೆ ಹತ್ತು ಹತ್ತು ನಿಮಿಷ ಕೊಡುತ್ತಿದ್ದ. ಕ್ಷೌರದ ನಂಜಣ್ಣ, ಪಾತ್ರೆ ಅಂಗಡಿಯ ಪ್ರಮೀಳಾ, ಹೀಗೆ ಶುರುವಾಗಿ ಕೊನೆಗೆ ತಾಯಿ ಶಿವರುದ್ರಮ್ಮ. ಹೇಗಿದೆ ಎಂದು ಕೇಳುತ್ತಿರಲಿಲ್ಲ. ಅವರಾಗಿಯೇ ಮತ್ತೆ ಕೇಳಿ ಬಂದರೆ ಕಾಳು ಮೊಳೆತಂತೆ. ಆರು ಮೊಳೆತರೆ ಅಂಗಡಿಗೆ ತರುವುದು.

ಜೊತೆಗೆ ಅಂಗಡಿ ನಡೆಸುತ್ತಿದ್ದ ಗೆಳೆಯ ಕುಮಾರ್ ಮೊದಮೊದಲು ನಕ್ಕಿದ್ದ. "ಯೂಟ್ಯೂಬ್‌ನಾಗೆ ಲೋಕ್ವೇ ಇದು ಗೆಲ್ತದೆ ಅಂತೈತೆ, ನೀನು ಪಾತ್ರೆ ಅಂಗ್ಡೀಲಿ ಶಾಸ್ತ್ರ ಕೇಳ್ತೀಯಲ್ಲೋ!"

"ಲೋಕ ಕೊಳ್ಳೋಕ್ ಮುಂಚೆ ಮಾತಾಡ್ತದೆ ಕಣ್ಲಾ. ಕೈ ಆಡುದ್ಮೇಲೆ ಮಾತಾಡ್ತದೆ."

ಅದೇ ಕಂಪನಿಯ ಹಿಂದಿನ ಯಂತ್ರ ಜಗತ್ತನ್ನೇ ಗೆದ್ದಿತ್ತು, ಇದೂ ಗೆಲ್ಲುತ್ತದೆ ಎಂದು ಬಹಳ ಜನ ನಂಬಿದ್ದ ಒಂದು ಯಂತ್ರಕ್ಕೆ ಮೊಳೆತದ್ದು ಮೂರೇ ಕಾಳು. ಕೆಲವೇ ವರ್ಷದಲ್ಲಿ ಅದರ ಸದ್ದಡಗಿತು. ಟಿವಿಗೂ ಸಿಗಿಸಿ ಕೈಯಲ್ಲೂ ಆಡುವಂಥದ್ದು ಬಂದಾಗ ಎಷ್ಟೋ ಜನ ಮೂಗು ಮುರಿದರು. ಮಲ್ಲೇಶನಿಗೆ ಎಂಟು ಮೊಳೆತವು. ಅದು ಕೋಟಿಗಟ್ಟಲೆ ಮಾರಾಟವಾಯಿತು. ಕುಮಾರ್ ನಗುವುದನ್ನು ಬಿಟ್ಟ.

ಕಳೆದ ವರ್ಷ ಇನ್ನೊಂದು ಬಂತು. ಇದು ದಾಖಲೆ ಮುರಿಯುತ್ತದೆ ಎಂದು ಎಲ್ಲೆಲ್ಲೂ ಮಾತು. ಅಷ್ಟರಲ್ಲಿ ಎದುರಿಗೇ ಇನ್ನೊಂದು ಗೇಮ್ ಅಂಗಡಿ ಎದ್ದಿತ್ತು. ಈ ಸಲ ತಪ್ಪಿದರೆ ಬಾಗಿಲು ಹಾಕಬೇಕಿತ್ತು. ಒಂಬತ್ತು ಜನರಲ್ಲಿ ಆರು ಜನ ಮತ್ತೆ ಕೇಳಿದರು. ಆದರೆ ಆರನೆಯವನಾದ ನಂಜಣ್ಣ ಕೇಳಿದ್ದು ಮಲ್ಲೇಶನ ಚಡಪಡಿಕೆ ನೋಡಲಾರದೆ.

"ಮೊಕ ನೋಡಿ ಕೇಳಿದ್ದು ಲೆಕ್ಕಕ್ಕಿಲ್ಲ ಕಣ್ಲಾ," ಎಂದು ಕುಮಾರನಿಗೆ ಹೇಳಿ ಮಲ್ಲೇಶ, ಮತ್ತೆ ಕೇಳಿದವರನ್ನು ಬರೆದಿಟ್ಟ ಚೀಟಿಯಲ್ಲಿ ಆ ಹೆಸರನ್ನು ಹೊಡೆದುಹಾಕಿದ.

ಅಲ್ಲಿಗೆ ಐದು. ಉಳಿದದ್ದು ಅವ್ವ. ಆಕೆ ಯಂತ್ರವನ್ನು ಹಿಡಿದು, "ಕಣ್ಣು ಮಂಜು ಕಣ ಮಗ," ಎಂದು ಕೆಳಗಿಟ್ಟು ಎದ್ದುಹೋಗಿದ್ದರು.

ಆ ವಾರವೇ ಮಲ್ಲೇಶನಿಗೆ ಎದೆನೋವು ಬಂತು. ಮೈಸೂರಿನ ಆಸ್ಪತ್ರೆಯಲ್ಲಿ ಡ್ರಿಪ್ಪಿನ ಕೈಯನ್ನು ಎತ್ತೆತ್ತಿ ಕುಮಾರನನ್ನು ಕೇಳುತ್ತಿದ್ದುದು ಒಂದೇ ಮಾತು.

"ಅವ್ವ ಕೇಳುದ್ಲಾ?"

"ಇಲ್ಲ ಕಣೋ. ಸುಮ್ಕೆ ಮನಿಕೊ."

"ಒದ್ದೆ ಬಟ್ಟೆ ಬಿಚ್ಬೇಡ ಮತ್ತೆ. ಇನ್ನೂ ಒಂದು ಕಾಳೈತೆ."

ಮರುದಿನ ಬೆಳಿಗ್ಗೆ ಮಲ್ಲೇಶ ಹೋದ. ನಲವತ್ತಮೂರು ವರ್ಷ.

ಹನ್ನೊಂದನೆಯ ದಿನದ ಕಾರ್ಯ ಮುಗಿಯಿತು. ಯಂತ್ರವನ್ನು ಶಶಿಗೆ ಹಿಂತಿರುಗಿಸಬೇಕೆಂದು ಕುಮಾರ್ ಮಲ್ಲೇಶನ ಮನೆಗೆ ಹೋಗಿ ಕಪಾಟಿನಿಂದ ಅದನ್ನು ತೆಗೆದ. ಗೋಡೆಗೊರಗಿ ಕೂತಿದ್ದ ಶಿವರುದ್ರಮ್ಮ ಕೈ ಚಾಚಿದರು.

"ಅದ ಇತ್ತಗ್ ತಾ ಕುಮಾರ."

ಕೊಟ್ಟ. ಆಕೆ ತಿರುಗಿಸಿ ಮುರುಗಿಸಿ ನೋಡಿದರು. "ಮಲ್ಲ ಯಾವ ಗುಂಡಿ ಒತ್ತು ಅಂದಿದ್ದ?"

ತೋರಿಸಿದ. ಹತ್ತು ನಿಮಿಷ ಕಳೆಯಿತು, ಇಪ್ಪತ್ತಾಯಿತು. ಆಕೆ ಕೆಳಗಿಡಲಿಲ್ಲ.

ಅವರಾಗಿಯೇ ಕೇಳಿದ್ದರು. ಹಾಗಾದರೆ ಆರು. ಕುಮಾರ್ ಯಂತ್ರದ ಜೊತೆಗೇ ಇದ್ದ ಚೀಟಿ ಬಿಚ್ಚಿ ಪೆನ್ನು ತೆಗೆದ. ನಂಜಣ್ಣನ ಹೆಸರಿನ ಮೇಲೆ ಮಲ್ಲೇಶ ಎಳೆದಿದ್ದ ಗೆರೆ ಕಣ್ಣಿಗೆ ಬಿತ್ತು. ಅವ್ವ ಕೇಳಿದ್ದೂ ಮಗನ ಮುಖ ನೆನೆದು. ಪೆನ್ನನ್ನು ಮತ್ತೆ ಜೇಬಿಗೆ ಸಿಗಿಸಿಕೊಂಡು, ಹೊರಗೆ ಬಂದು ಶಶಿಗೆ ಫೋನ್ ಮಾಡಿದ.

"ಈ ಯಂತ್ರ ನಾನೇ ಇಟ್ಕೋತೀನಿ ಕಣೋ."

"ಅಂಗಾರೆ ಗೆಲ್ತದೆ ಅನ್ನು! ಅಂಗ್ಡೀಗೆ ಇನ್ನೆಷ್ಟು ಬೇಕು?"

"ಅಂಗ್ಡೀಗೆ ಒಂದೂ ಬ್ಯಾಡ," ಎಂದ ಕುಮಾರ್. "ಇದು ಅವ್ವುಂಗೆ."